ಹೊಸ 390 ಡ್ಯೂಕ್ ನಮ್ಮ ಕರಾವಳಿಗೆ ಆಗ್ತದಾ: ಸುರತ್ಕಲ್‌ನ ತಮ್ಮನಿಗೆ ಉತ್ತರ

ನೀನು ಕೇಳಿದ್ದು ಇಷ್ಟು: ದಿನಾ ಸುರತ್ಕಲ್‌ನಿಂದ ಮಂಗಳೂರಿನ ಹಂಪನಕಟ್ಟೆಗೆ ಆಫೀಸು, ರಜೆ ಸಿಕ್ಕಿದ್ರೆ ಆಗುಂಬೆ ಇಲ್ಲ ಕುದುರೆಮುಖ, ಎತ್ತರ ಐದಡಿ ಐದಿಂಚು, ಈಗ ಇರುವುದು 150 ಸಿಸಿ ಗಾಡಿ. ಕೆಟಿಎಂ ಕಂಪೆನಿಯ ಮೂರನೇ ತಲೆಮಾರಿನ 390 ಡ್ಯೂಕ್ ಬೈಕ್ ತಗೊಳ್ಳಬಹುದಾ ಅಂತ. ನಿನ್ನ ಪೋಸ್ಟಿಗೆ ಬಂದ ಉತ್ತರಗಳು ಎರಡು ಬಣ ಆಗಿವೆ. ಒಂದು ಬಣದವರು 46 ಪಿಎಸ್ (ಹಾರ್ಸ್‌ಪವರ್ ಹಾಗೆ ಎಂಜಿನ್ ಶಕ್ತಿಯ ಅಳತೆ) ಉಂಟು, ಕಣ್ಣು ಮುಚ್ಚಿ ತಗೋ ಹೇಳ್ತಾರೆ. ಇನ್ನೊಂದು ಬಣದವರು ನಮ್ಮ ರಸ್ತೆಗೆ ಅಷ್ಟು ಪವರ್ ಎಂತಕ್ಕೆ, ನೋಡ್ಲಿಕ್ಕೆ ಬೇರೆ ಮಿಡತೆ ಹಾಗೆ ಉಂಟು ಹೇಳ್ತಾರೆ. ನಾನು ಹಳೇ 373 ಸಿಸಿ 390 ಇಟ್ಟುಕೊಂಡಿದ್ದವ, ಹೊಸದರಲ್ಲಿ ಒಂದು ಮಳೆಗಾಲ ಪೂರ್ತಿ ಇದೇ ಊರಲ್ಲಿ ಓಡಿಸಿದ್ದೇನೆ. ನನ್ನ ಪ್ರಕಾರ ಇಬ್ಬರೂ ಗಾಡಿಯನ್ನು ತಪ್ಪು ಜಾಗದಲ್ಲಿ ನಿಂತು ಅಳೀತಿದ್ದಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ರಸ್ತೆಯಲ್ಲಿ, 20ರಿಂದ 60 ಕಿಮೀ ವೇಗದ ಒಳಗೆ ಈ ಗಾಡಿ ಹೇಗೆ ನಡೆದುಕೊಳ್ತದೆ ಅಂತ ನೋಡಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಪವರ್‌ದು ಮೊದಲು ಮುಗಿಸ್ತೇನೆ. ಹಳೇ ಎಂಜಿನ್‌ನಲ್ಲಿ ಬೋರ್ (ಸಿಲಿಂಡರಿನ ಅಗಲ) 89 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 60 ಮಿಮೀ ಇತ್ತು, 43.5 ಪಿಎಸ್, 37 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಗಿಸುವ ಬಲ. ಹೊಸದರಲ್ಲಿ ಬೋರ್ ಅಷ್ಟೇ ಇಟ್ಟು ಸ್ಟ್ರೋಕ್ ಮಾತ್ರ 64 ಮಿಮೀ ಮಾಡಿದ್ದಾರೆ, ಅದರಿಂದ 399 ಸಿಸಿ ಆಯ್ತು, 46 ಪಿಎಸ್, 39 ನ್ಯೂಟನ್ ಮೀಟರ್. ಕಾಗದದಲ್ಲಿ ಎರಡೂವರೆ ಪಿಎಸ್ ವ್ಯತ್ಯಾಸ, ದೊಡ್ಡದಲ್ಲ. ಆದ್ರೆ ಸ್ಟ್ರೋಕ್ ಉದ್ದ ಆದದ್ದರ ಗುಣ ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಲೆಕ್ಕ) ಗೊತ್ತಾಗ್ತದೆ. ಹಳೆಯದು 4,000 ದಾಟುವ ತನಕ ಮುನಿಸಿಕೊಂಡೇ ಇರ್ತಿತ್ತು, ದಾಟಿದ ಕೂಡ್ಲೆ ಒಮ್ಮೆಲೇ ಎಳೀತಿತ್ತು. ಹೊಸದು ಅದಕ್ಕಿಂತ ಮೊದಲೇ ಎಚ್ಚರ ಆಗ್ತದೆ, ಆ ಎಳೆತವೂ ಹಂತ ಹಂತವಾಗಿ ಬರ್ತದೆ. ಹೆಬ್ರಿ ರಸ್ತೆಯಲ್ಲಿ ಮರದ ಲಾರಿ ಹಿಂದೆ ಸಿಕ್ಕಿಬಿದ್ದಾಗ 50ರಿಂದ 80ಕ್ಕೆ ಹೋಗ್ಲಿಕ್ಕೆ ಗೇರ್ ಇಳಿಸದೆ ಆಗ್ತದೆ ಅಂತಾದ್ರೆ ಎದುರು ಸಾಲಿನಲ್ಲಿ ಇರುವ ಹೊತ್ತು ಕಡಿಮೆ. ಪವರ್‌ನ ನಿಜವಾದ ಉಪಯೋಗ ಅದು. ಅದನ್ನು ಬಿಟ್ಟು ಎನ್‌ಎಚ್ 66ರಲ್ಲಿ ಟಾಪ್ ಸ್ಪೀಡ್ ನೋಡ್ತೇನೆ ಅಂತ ಹೊರಟ್ರೆ ಮೂಲ್ಕಿ, ಪಡುಬಿದ್ರಿ ಕಡೆ ಡಿವೈಡರ್ ಬಿಟ್ಟ ಜಾಗಗಳಲ್ಲಿ ಸ್ಕೂಟರಿನವರು ಅಡ್ಡ ಬರ್ತಾರೆ, ದನ ನಿಂತಿರ್ತದೆ. ನಾಲ್ಕು ಲೇನ್ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಕೇಂದ್ರ ಇಟ್ಟ ಮಿತಿ 80 ಕಿಮೀ. ನೇಕೆಡ್, ಅಂದ್ರೆ ಮುಂದೆ ಹೊದಿಕೆ ಇಲ್ಲದ ಗಾಡಿಯಾದ ಕಾರಣ 100 ದಾಟಿದ ಮೇಲೆ ಗಾಳಿ ನೇರ ಎದೆಗೇ ಹೊಡೀತದೆ, ಹೆಚ್ಚು ಹೊತ್ತು ಅಲ್ಲಿ ಇರ್ಲಿಕ್ಕೆ ಮನಸ್ಸೂ ಬರುವುದಿಲ್ಲ.

ಈಗ ಘಾಟಿ. ಸೋಮೇಶ್ವರದಿಂದ ಮೇಲೆ ಆಗುಂಬೆಗೆ 14 ಹೇರ್‌ಪಿನ್ ಉಂಟಲ್ಲ, ಅಲ್ಲಿ ಗಾಡಿಯ ಪರೀಕ್ಷೆ ಆಗುವುದು ತೀರಾ ನಿಧಾನದಲ್ಲಿ. ಒಂಟಿ ಸಿಲಿಂಡರ್ ದೊಡ್ಡ ಎಂಜಿನ್ ಯಾವುದೇ ಇರಲಿ, 3,000ದ ಕೆಳಗೆ ಸೆಕೆಂಡ್ ಗೇರಿನಲ್ಲಿ ತಡವರಿಸ್ತದೆ. ತಿರುವಿನ ನಡುವೆ ಹಾಗೆ ಆದ್ರೆ ಹೊಸಬರು ಹೆದರಿ ಕ್ಲಚ್ ಪೂರ್ತಿ ಹಿಡೀತಾರೆ, ಗಾಡಿ ಒಳಗೆ ಬೀಳ್ಲಿಕ್ಕೆ ನೋಡ್ತದೆ. ತಿರುವಿಗೆ ಮೊದಲೇ ಫಸ್ಟ್ ಹಾಕು, ಕ್ಲಚ್ ಅರ್ಧದಲ್ಲಿ ಇಡು, ಹಿಂದಿನ ಬ್ರೇಕ್ ಸ್ವಲ್ಪ ಒತ್ತಿಕೊಂಡೇ ಥ್ರಾಟಲ್ ಕೊಡು. ಚೈನ್ ಬಿಗಿಯಾಗಿ ಇರ್ತದೆ, ಗಾಡಿ ನೇರ ಎಳೀತದೆ. ಇನ್ನೊಂದು, ತಿರುವಿಗೆ ನುಗ್ಗುವ ಮೊದಲು ತಲೆ ಎತ್ತಿ ಮೇಲಿನ ರಸ್ತೆ ನೋಡು. ಇಳಿದು ಬರುವ ಮಿನಿ ಬಸ್ಸಿಗೆ ಆ ಹೇರ್‌ಪಿನ್‌ನಲ್ಲಿ ಪೂರ್ತಿ ರಸ್ತೆ ಬೇಕು, ಅವನದ್ದು ತಪ್ಪಲ್ಲ. ಅವನು ಕಂಡ್ರೆ ಕೆಳಗೇ ನಿಂತುಬಿಡು. ಈ ಗಾಡಿಯ ಅಗಲದ ಹ್ಯಾಂಡಲ್, 168 ಕೆಜಿ ತೂಕ, ಎರಡೂ ಅಲ್ಲಿ ನಿನ್ನ ಪಕ್ಷದಲ್ಲಿ ಇರ್ತವೆ. ಘಾಟಿಯ ಮಟ್ಟಿಗೆ ನನಗೆ ಈ ಬೆಲೆಯಲ್ಲಿ ಇದಕ್ಕಿಂತ ಹಿಡಿಸಿದ ಗಾಡಿ ಇಲ್ಲ.

ಮಳೆಯ ವಿಷಯ ಸ್ವಲ್ಪ ಉದ್ದ ಹೇಳಬೇಕು, ಯಾಕಂದ್ರೆ ದುಡ್ಡಿನ ಬೆಲೆ ಅಲ್ಲಿ ಉಂಟು. ಇದರಲ್ಲಿ ಸ್ಟ್ರೀಟ್, ರೇನ್, ಟ್ರ್ಯಾಕ್ ಅಂತ ಮೂರು ಮೋಡ್. ಗಾಡಿ ಎಷ್ಟು ವಾಲಿದೆ ಅಂತ ತಿಳಿದುಕೊಂಡು ಕೆಲಸ ಮಾಡುವ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಸುಮ್ಮನೆ ತಿರುಗಿ ಜಾರದ ಹಾಗೆ ನೋಡುವುದು) ಉಂಟು. ಜೋರು ಮಳೆಗೆ ಕೊಟ್ಟಾರ ಚೌಕಿಯಿಂದ ಕೂಳೂರಿನ ತನಕ ರೇನ್ ಮೋಡಿನಲ್ಲಿ ಹೋಗಿ ನೋಡು, ಥ್ರಾಟಲ್ ಸ್ವಭಾವವೇ ಬೇರೆ, ಕೈ ಸ್ವಲ್ಪ ಜಾಸ್ತಿ ತಿರುಗಿದ್ರೂ ಹಿಂದಿನ ಚಕ್ರ ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಸೇತುವೆಯ ಕಬ್ಬಿಣದ ಜಾಯಿಂಟ್, ರಸ್ತೆಗೆ ಬಳಿದ ಬಿಳಿ ಪಟ್ಟಿ, ಇವುಗಳ ಮೇಲೆ ಚಕ್ರ ಬಂದಾಗ ಡಿಸ್‌ಪ್ಲೇಯಲ್ಲಿ ಟ್ರ್ಯಾಕ್ಷನ್ ದೀಪ ಮಿಣುಕ್ತದೆ, ಎಂಜಿನ್ ಒಂದು ಕ್ಷಣ ಉಸಿರು ಹಿಡಿದ ಹಾಗೆ ಆಗಿ ಮತ್ತೆ ಎಳೀತದೆ. ಆ ಕ್ಷಣದಲ್ಲಿ ಸುಮ್ಮನೆ ಇರ್ಬೇಕು, ಥ್ರಾಟಲ್ ತಟ್ಟನೆ ಮುಚ್ಚಬಾರದು.

ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಎಲೆಕ್ಟ್ರಾನಿಕ್ಸ್ ಇದ್ದ ಹಿಡಿತವನ್ನು ಹಂಚಿ ಬಳಸ್ತದೆ, ಇಲ್ಲದ ಹಿಡಿತವನ್ನು ತರುವುದಿಲ್ಲ. ನಮ್ಮ ಒಳರಸ್ತೆಗಳ ಕಾಂಕ್ರೀಟಿಗೆ ಆಗಸ್ಟ್ ಹೊತ್ತಿಗೆ ಹಸಿರು ಪಾಚಿ ಹಿಡೀತದೆ, ಮುಖ್ಯವಾಗಿ ತೋಟದ ನೆರಳು ಬೀಳುವ ಏರುಗಳಲ್ಲಿ. ಅಲ್ಲಿ ಯಾವ ಕಂಪೆನಿಯ ಎಬಿಎಸ್ಸೂ ಉಳಿಸುವುದಿಲ್ಲ. ವಾಹನಗಳ ಚಕ್ರ ಉಜ್ಜಿ ಪಾಚಿ ಹೋದ ಎರಡು ಗೆರೆ ಇರ್ತದೆ, ಅದರಲ್ಲೇ ಹೋಗು, ನಡುವಿನ ಹಸಿರಿಗೆ ಇಳಿಯಬೇಡ. ಹಿಂದಿನ ಎಬಿಎಸ್ ಬಂದ್ ಮಾಡುವ ಸೂಪರ್‌ಮೋಟೋ ಆಯ್ಕೆ ಉಂಟು, ಅದನ್ನು ಮಳೆಗಾಲದಲ್ಲಿ ಮುಟ್ಟಲೇಬೇಡ. ಗಾಡಿ ಬಂದ ಮೊದಲ ವಾರವೇ ಖಾಲಿ ಮೈದಾನ ಇಲ್ಲ ಖಾಲಿ ರಸ್ತೆ ಹುಡುಕಿ 40ರಲ್ಲಿ ಎರಡೂ ಬ್ರೇಕ್ ಗಟ್ಟಿ ಹಿಡಿದು ಎಬಿಎಸ್ ಕಾಲಿಗೆ, ಬೆರಳಿಗೆ ಹೇಗೆ ಬಡೀತದೆ ಅಂತ ಅಭ್ಯಾಸ ಮಾಡು. 150 ಸಿಸಿಯಿಂದ ಬರುವವರಿಗೆ ಮುಂದಿನ 320 ಮಿಮೀ ಡಿಸ್ಕ್ ಕಚ್ಚುವ ರೀತಿ ಹೊಸತು, ಒಂದೇ ಬೆರಳು ಸಾಕಾಗ್ತದೆ.

ಡಿಸೈನ್ ಬಗ್ಗೆ ಇಷ್ಟು ಬೈಗುಳ ಬಂದದ್ದು ನೋಡಿ ನನಗೆ ಬೇಸರ ಆಯ್ತು. ಫೋಟೋದಲ್ಲಿ ಆ ಟ್ಯಾಂಕಿನ ರೆಕ್ಕೆ ಅತಿ ಅನಿಸ್ತದೆ, ಒಪ್ಪುತ್ತೇನೆ. ಆದ್ರೆ ಗಾಡಿ ಹತ್ತಿರ ಕೂತು ಬಲಗಡೆಯಿಂದ ನೋಡಿ. ಹಿಂದಿನ ಶಾಕ್ ಅಬ್ಸಾರ್ಬರ್ ನಡುವಿನಲ್ಲಿ ಇಲ್ಲ, ಬಲಕ್ಕೆ ಸರಿದಿದೆ. ಹಾಗೆ ಸರಿಸಿದ್ದರಿಂದ ನಡುವೆ ಜಾಗ ಆಯ್ತು, ಅಲ್ಲಿ ಎಂಜಿನ್‌ಗೆ ಗಾಳಿ ಕೊಡುವ ದೊಡ್ಡ ಏರ್‌ಬಾಕ್ಸ್ ಕೂತಿತು, ಸೀಟೂ ಕೆಳಗೆ ಬಂತು. ಬದಿಯ ಸೈಲೆನ್ಸರ್ ತೆಗೆದು ಎಂಜಿನ್ ಅಡಿಗೆ ಹಾಕಿದ್ದಕ್ಕೆ ಭಾರ ಕೆಳಗೆ ಇಳಿಯಿತು. ಸೀಟನ್ನು ಹೊರುವ ಅಲ್ಯೂಮಿನಿಯಂ ಸಬ್‌ಫ್ರೇಮ್ ಮುಚ್ಚದೆ ಹಾಗೇ ಕಾಣ್ಲಿಕ್ಕೆ ಬಿಟ್ಟಿದ್ದಾರೆ. ಬ್ರೇಕ್ ಡಿಸ್ಕನ್ನು ಚಕ್ರಕ್ಕೇ ನೇರ ಕೂರಿಸಿದ ಕಾರಣ ಚಕ್ರದ ತೂಕ ಇಳಿದಿದೆ, ಅದಕ್ಕೇ ದಿಕ್ಕು ಬದಲಿಸುವಾಗ ಮುಂಭಾಗ ಇಷ್ಟು ಹಗುರ. 2013ರಲ್ಲಿ 1.80 ಲಕ್ಷಕ್ಕೆ ಮೊದಲ 390 ಬಂದಾಗಿನಿಂದ ಈ ಗಾಡಿಯಲ್ಲಿ ಎಲುಬು ತೋರಿಸುವುದೇ ಸೌಂದರ್ಯ. ನೇಕೆಡ್ ಅಂದ್ರೆ ಕೆಲಸ ಮಾಡುವ ಭಾಗ ಕಣ್ಣಿಗೆ ಕಾಣಬೇಕು, ಇದರಲ್ಲಿ ಅದು ಕಾಣ್ತದೆ.

ನನ್ನ ಆಕ್ಷೇಪ ಇರುವುದು ಹಿಂಭಾಗಕ್ಕೆ. ಬಾಲ ಗಿಡ್ಡ. ಮಳೆಯಲ್ಲಿ ಹಿಂದಿನ ಚಕ್ರ ಎಸೆಯುವ ಕೆಂಪು ನೀರು ನೇರ ಮೇಲಕ್ಕೆ ಬರ್ತದೆ, ಹಿಂದೆ ಕೂತವರ ಬೆನ್ನಿಗೆ ಸೊಂಟದಿಂದ ಹೆಗಲಿನ ತನಕ ಒಂದು ಪಟ್ಟೆ ಬೀಳ್ತದೆ. ಬ್ಯಾಗ್ ಹಾಕಿ ಒಬ್ಬನೇ ಆಫೀಸಿಗೆ ಹೋಗುವುದಾದ್ರೆ ಆ ಬ್ಯಾಗಿಗೆ ಮಳೆ ಕವರ್ ಬೇಕೇ ಬೇಕು. ಪಿಲಿಯನ್ ಸೀಟ್ ಸಣ್ಣದು, ಅಮ್ಮನನ್ನು ಸೀರೆಯಲ್ಲಿ ಕಟೀಲಿಗೆ ಕರ್ಕೊಂಡು ಹೋಗುವ ಗಾಡಿ ಇದಲ್ಲ.

ಅಡಿಯ ಸೈಲೆನ್ಸರಿಗೆ ನೀರು ಹೋಗ್ತದಾ ಅಂತ ಒಬ್ಬರು ಕೇಳಿದ್ರು, ಪಂಪ್‌ವೆಲ್, ಪಡೀಲ್ ಅಂಡರ್‌ಪಾಸ್ ನೆನಪಿಟ್ಟುಕೊಂಡು. ಎಂಜಿನ್ ಓಡುತ್ತಿರುವ ತನಕ ಹೊಗೆಯ ಒತ್ತಡ ನೀರನ್ನು ಹೊರಗೇ ಇಡ್ತದೆ. ತೊಂದರೆ ಬರುವುದು ನಡು ನೀರಿನಲ್ಲಿ ಬಂದ್ ಬಿದ್ರೆ, ಇಲ್ಲ ಗಾಳಿ ಒಳಗೆ ಹೋಗುವ ದಾರಿಗೇ ನೀರು ತಾಗಿದ್ರೆ. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸ್ಲಿಕ್ಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ತದೆ. ಚಕ್ರದ ಆಕ್ಸೆಲ್ ಮುಳುಗುವಷ್ಟು ನೀರು ಕಂಡ್ರೆ ತಿರುಗಿಸಿ ಬೇರೆ ದಾರಿ ಹಿಡಿ. ಬಂದ್ ಬಿದ್ದೇಬಿಟ್ರೆ ಸೆಲ್ಫ್ ಒತ್ತಬೇಡ, ತಳ್ಳಿಕೊಂಡು ಮೇಲೆ ತಂದು ಮೆಕ್ಯಾನಿಕ್‌ಗೆ ಫೋನ್ ಮಾಡು. ನೀರು ದಾಟಿ ಬಂದ ಮೇಲೆ ನೂರು ಮೀಟರ್ ಬ್ರೇಕ್ ಮೆಲ್ಲನೆ ಒತ್ತಿಕೊಂಡೇ ಹೋಗು, ಡಿಸ್ಕ್ ಒಣಗ್ತದೆ.

ಉಪ್ಪುಗಾಳಿ ಬಗ್ಗೆ ಇಲ್ಲಿ ಯಾರೂ ಬರೀಲಿಲ್ಲ, ನನಗೆ ಅದೇ ದೊಡ್ಡ ವಿಷಯ. ನಿನ್ನ ಮನೆ ಸುರತ್ಕಲ್, ಸಮುದ್ರ ಹತ್ತಿರ. ಪಣಂಬೂರು ಬೀಚಿಗೋ ಮರವಂತೆಗೋ ಹೋಗಿ ಬಂದು ಎರಡು ದಿನ ಹಾಗೇ ನಿಲ್ಲಿಸಿದ್ರೆ ಚೈನಿನ ಹೊರ ಪ್ಲೇಟಿನಲ್ಲಿ ಸಾಸಿವೆ ಗಾತ್ರದ ಕೇಸರಿ ಚುಕ್ಕೆ ಏಳ್ತದೆ. ಅದು ಒರೆಸಿದ್ರೆ ಹೋಗ್ತದೆ. ಹೋಗದೆ ಇರುವುದು ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯಲ್ಲಿ ಏಳುವ ಚುಕ್ಕೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಧೂಳಿನ ಸೀಲಿನ ಹತ್ತಿರ ನೋಡು, ಸೂಜಿ ಚುಚ್ಚಿದ ಹಾಗಿನ ಗುಂಡಿ ಕಂಡ್ರೆ ತಡಮಾಡಬೇಡ. ಫೋರ್ಕ್ ಮೇಲೆ ಕೆಳಗೆ ಆಡುವಾಗ ಆ ಗುಂಡಿಯ ಅಂಚು ಎಣ್ಣೆ ಸೀಲನ್ನು ಕೊರೀತದೆ, ಎಣ್ಣೆ ಸೋರಿ ಬ್ರೇಕಿನ ಕಡೆ ಇಳೀತದೆ. ನೇಕೆಡ್ ಗಾಡಿಯಲ್ಲಿ ಇದನ್ನೆಲ್ಲ ಮುಚ್ಚುವ ಫೇರಿಂಗ್ ಇಲ್ಲ, ರೇಡಿಯೇಟರ್, ವೈರ್ ಕನೆಕ್ಟರ್, ಬದಿಯ ಶಾಕ್ ಎಲ್ಲ ಗಾಳಿಗೆ ಬಿಟ್ಟಿರ್ತದೆ. ಬೀಚಿನಿಂದ ಬಂದ ದಿನವೇ ಸಾದಾ ನೀರು ಹಾಕಿ ತೊಳೆ. ಪ್ರೆಷರ್ ಗನ್ ರೇಡಿಯೇಟರಿಗೆ ಹಿಡಿಯಬೇಡ, ಅದರ ತೆಳು ರೆಕ್ಕೆಗಳು ಮಡಚಿ ಹೋಗ್ತವೆ. ಚೈನಿಗೆ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಪೆಟ್ರೋಲ್ ಬೇಡ, ಒಳಗಿನ ರಬ್ಬರ್ ಉಂಗುರ ಹಾಳಾಗ್ತದೆ. ಒಣಗಿದ ಮೇಲೆ ಲ್ಯೂಬ್ ಹಾಕಿ ರಾತ್ರಿ ಬಿಡು. ಫೋರ್ಕ್ ಕೊಳವೆಯನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸು. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಬಿಸಿ: ಏಪ್ರಿಲ್, ಮೇ ತಿಂಗಳಲ್ಲಿ ನಂತೂರಿನಲ್ಲಿ ಟ್ರಾಫಿಕ್‌ಗೆ ಸಿಕ್ಕಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗ್ತದೆ, ಕಾಲಿಗೆ ಬಿಸಿ ತಾಗ್ತದೆ. ಈ ವರ್ಗದ ಎಲ್ಲ ಗಾಡಿಗೂ ಉಂಟು. ದಪ್ಪ ಪ್ಯಾಂಟ್ ಹಾಕು.

ಎತ್ತರದ ಬಗ್ಗೆ ಹೆದರಬೇಡ. ಸೀಟ್ 800 ಮಿಮೀ, ಬೇಕಾದ್ರೆ 820ಕ್ಕೆ ಏರಿಸಬಹುದು, ನಿನಗೆ 800 ಸಾಕು. ಎರಡೂ ಹಿಮ್ಮಡಿ ನೆಲಕ್ಕೆ ತಾಗದಿದ್ರೂ ಒಂದು ಪಾದ ಪೂರ್ತಿ ಊರಿದ್ರೆ ಆಯ್ತು. ಸಸ್ಪೆನ್ಷನ್ ಮಾತ್ರ ಶೋರೂಮಿನಿಂದ ಬಂದ ಹಾಗೇ ಬಿಡಬೇಡ. ಮುಂದೆ ಕಂಪ್ರೆಷನ್ (ಫೋರ್ಕ್ ಒತ್ತುವ ವೇಗ), ರಿಬೌಂಡ್ (ಮತ್ತೆ ಮೇಲೆ ಬರುವ ವೇಗ) ಎರಡಕ್ಕೂ ಐದೈದು ಕ್ಲಿಕ್ ಉಂಟು, ಕೈಯಲ್ಲೇ ತಿರುಗಿಸಬಹುದು. ನಮ್ಮ ಹೊಂಡದ ರಸ್ತೆಗೆ ಕಂಪ್ರೆಷನ್ ಮೆತ್ತಗಿನ ಕಡೆಗೆ ಎರಡು ಕ್ಲಿಕ್ ಹಾಕಿ ನೋಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ ಹೋಲಿಸು. ಹಿಂದೆ ಯಾರಾದ್ರೂ ಕೂರ್ತಾರಂದ್ರೆ ಹಿಂದಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಏರಿಸು.

ನಿನ್ನ ಅಪ್ಪ ಹೇಳುವ ಟ್ರಯಂಫ್ ಸ್ಪೀಡ್ 400 ಕೆಟ್ಟ ಸಲಹೆ ಅಲ್ಲ. 40 ಪಿಎಸ್, 37.5 ನ್ಯೂಟನ್ ಮೀಟರ್, ಉದ್ದದ ಒಂದೇ ಸೀಟು, ಸರ್ವಿಸ್ ಅಂತರ 16,000 ಕಿಮೀ. ಮನೆಯವರೂ ಹತ್ತುವ ಗಾಡಿ ಬೇಕಾದ್ರೆ ಕಣ್ಣು ಮುಚ್ಚಿ ಅದು. ಟ್ರ್ಯಾಕ್ಷನ್ ಕಂಟ್ರೋಲ್ ಉಂಟು, ಆದ್ರೆ ಮಳೆ ಮೋಡ್ ಇಲ್ಲ, ವಾಲಿಕೆ ನೋಡುವ ಎಬಿಎಸ್ ಇಲ್ಲ. ಬಜಾಜ್‌ನ ಪಲ್ಸರ್ ಎನ್‌ಎಸ್‌400ಝೆಡ್ 2024ರ ಮೇಯಲ್ಲಿ 1.85 ಲಕ್ಷಕ್ಕೆ ಬಂದದ್ದು. ಬಜೆಟ್ ಬಿಗಿ ಇದ್ರೆ ಅದು ತಗೊಂಡು ಉಳಿದ ದುಡ್ಡಿನಲ್ಲಿ ಒಳ್ಳೆ ಹೆಲ್ಮೆಟ್, ಜಾಕೆಟ್, ಮಳೆಗೆ ಆಗುವ ಬೂಟು ತಗೋ. ಡ್ಯೂಕ್ 2023ರ ಸೆಪ್ಟೆಂಬರಿನಲ್ಲಿ 3.11 ಲಕ್ಷಕ್ಕೆ ಬಂದಿತ್ತು, ಆಮೇಲೆ ಬೆಲೆ ಮೇಲೆ ಕೆಳಗೆ ಆಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಗಾಡಿಗೆ ಜಿಎಸ್‌ಟಿ 40 ಶೇಕಡಾ, 350ರ ತನಕ 18. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, ವಿಮೆ ಬೇರೆ. ಹಾಗಾಗಿ ಎಕ್ಸ್ ಶೋರೂಮ್ ನೋಡಿ ಲೆಕ್ಕ ಹಾಕಬೇಡ, ಆನ್ ರೋಡ್ ಕಾಗದ ಬರೆಸಿಕೋ.

ಒಬ್ಬನೇ ಓಡಿಸುವವ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ಆಫೀಸಿಗೆ ಹೋಗಬೇಕಾದವ, ಘಾಟಿ ಹುಚ್ಚು ಇರುವವ ನೀನು. ನಿನಗೆ ನಾನು ಡ್ಯೂಕನ್ನೇ ಹೇಳ್ತೇನೆ. ಟೆಸ್ಟ್ ರೈಡ್ ಶೋರೂಮ್ ಎದುರಿನ ನೇರ ರಸ್ತೆಯಲ್ಲಿ ಬೇಡ. ಕದ್ರಿ ಗುಡ್ಡದ ಏರು, ಒಂದು ಯೂ ಟರ್ನ್, ಒಂದು ಕೆಟ್ಟ ಹೊಂಡದ ರಸ್ತೆ, ಈ ಮೂರು ಸಿಗುವ ಹಾಗೆ ಕೇಳಿ ತಗೊಂಡು ಹೋಗು, ಆದ್ರೆ ಮಳೆ ಬರುವ ದಿನವೇ. ಟೈರ್ ಗಾಳಿ ಎಷ್ಟಿದೆ ಅಂತ ಹೊರಡುವ ಮೊದಲೇ ನೋಡಿಸು, ಶೋರೂಮ್ ಗಾಡಿಗಳಲ್ಲಿ ಹೆಚ್ಚಾಗಿ ಸರಿ ಇರುವುದಿಲ್ಲ, ಹ್ಯಾಂಡಲಿಂಗ್ ತಪ್ಪಾಗಿ ಅನಿಸ್ತದೆ. ಓಡಿಸಿ ಬಂದ ಮೇಲೆ ನಿನ್ನ ತೂಕ ಎಷ್ಟು, ಹೊಂಡದಲ್ಲಿ ಮುಂದೆ ಬಡಿಯಿತಾ ಹಿಂದೆ ಬಡಿಯಿತಾ ಅಂತ ಇಲ್ಲೇ ಹಾಕು, ಎಲ್ಲಿಂದ ಕ್ಲಿಕ್ ಶುರು ಮಾಡಬೇಕು ಅಂತ ಹೇಳ್ತೇನೆ.