ಕಾಡ್ಗಿಚ್ಚು ಮೊದಲೂ ಇತ್ತಲ್ಲ, ಈಗ ಯಾಕೆ ಇಷ್ಟು ದೊಡ್ಡದಾಗುತ್ತಿದೆ?

ಕಿಡಿ ಹಳೆಯದೇ. ಸಿಡಿಲು, ಆರಿಸದೆ ಎಸೆದ ಸಿಗರೇಟು ಮೊದಲೂ ಇದ್ದವು. ಬದಲಾಗಿದ್ದು ಉರಿಯುವ ವಸ್ತು.

ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಮಳೆಯೇ ಇಲ್ಲದಾಗ ಆ ನೀರು ಎಲ್ಲಿಂದ ಬರಬೇಕು? ಮಣ್ಣಿನಿಂದ, ಎಲೆಯಿಂದ, ಬಿದ್ದ ಕೊಂಬೆಯಿಂದ ಹೀರುತ್ತದೆ. ಹಸಿ ಸೌದೆ ಹೊತ್ತಿಸಲು ಒದ್ದಾಡಿದವರಿಗೆ ಗೊತ್ತು, ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒಣಗಿದ ಕಾಡಿನಲ್ಲಿ ಆ ತಡೆಯೇ ಇಲ್ಲ. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಪಶ್ಚಿಮ ಅಮೆರಿಕದಲ್ಲಿ ದಶಕಗಳ ಕಾಲ ಸಣ್ಣಪುಟ್ಟ ಬೆಂಕಿಯನ್ನೂ ಬಿಡದೆ ನಂದಿಸಿದರು. ತರಗೆಲೆ, ಪೊದೆ ರಾಶಿಬಿದ್ದವು. ಬರ ಬಂದಾಗ ಅವೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತವೆ.