ಸಿಎನ್‌ಸಿ ರೂಟರ್‌ನಲ್ಲಿ 100 ಮಿ.ಮೀ. ಚೌಕ 99.6 ಬರುತ್ತಿದೆ: ಗೇರ್ ಹಾಕಬೇಕಾ, ಸ್ಟೆಪ್ಸ್ ಬದಲಿಸಬೇಕಾ?

ಮುಂಬೈ ಹತ್ತಿರದ ಠಾಣೆಯಲ್ಲಿ 8×4 ಅಡಿ ಪ್ಲೈವುಡ್ಡನ್ನು ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಮೆಷಿನ್ ಕಟ್ಟಿದ್ದೀರಿ, ಪಿನಿಯನ್ (ರ್‍ಯಾಕ್ ಎಂಬ ಹಲ್ಲಿನ ಪಟ್ಟಿಯ ಮೇಲೆ ಓಡುವ ಸಣ್ಣ ಹಲ್ಲಿನ ಚಕ್ರ) ನೇರ ಮೋಟರ್‌ಗೇ ಹಾಕಿದ್ದೀರಿ ಅಂತ ಬರೆದಿದ್ದೀರಿ. ನಾನು ಪುಣೆಯ ಭೋಸರಿಯಲ್ಲಿ ಇದೇ ಕೆಲಸ ಮಾಡುವವನು. ಗೇರ್, ಅಂದರೆ ಮೋಟರಿನ ವೇಗ ಇಳಿಸುವ ಜೋಡಣೆ, ಖಂಡಿತ ಹಾಕಿ. ಸ್ಟೆಪ್ಸ್‌ಗೆ (ಒಂದು ಮಿ.ಮೀ. ಸರಿಯಲು ಮೋಟರ್ ಇಡುವ ಹೆಜ್ಜೆಗಳ ಲೆಕ್ಕ) ಮಾತ್ರ ಈಗಲೇ ಕೈ ಹಚ್ಚಬೇಡಿ.

ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1, 20 ಹಲ್ಲಿನ ಪಿನಿಯನ್ ಒಂದು ಸುತ್ತಿಗೆ 62.83 ಮಿ.ಮೀ. ಓಡುತ್ತದೆ. ಮೋಟರಿನ 200 ಸ್ಟೆಪ್, ಪ್ರತಿ ಸ್ಟೆಪ್‌ಗೆ 8 ಮೈಕ್ರೋಸ್ಟೆಪ್ ತುಂಡು, ಒಟ್ಟು ಸುತ್ತಿಗೆ 1600. ಅಂದರೆ ಒಂದು ಮಿ.ಮೀ.ಗೆ ಬರೀ 25.46. ಮೈಕ್ರೋಸ್ಟೆಪ್ 32ಕ್ಕೆ ಏರಿಸಿದರೆ ಅಂಕಿ ದೊಡ್ಡದಾಗುತ್ತದೆ ಅಷ್ಟೇ, ಬಿಟ್ (ಮರ ಕತ್ತರಿಸುವ ಅಲಗು) ಮೇಲೆ ಲೋಡ್ ಬಿದ್ದಾಗ ಅಷ್ಟು ಸಣ್ಣ ಸ್ಟೆಪ್‌ಗೆ ಹಿಡಿತ ಇರುವುದಿಲ್ಲ. ಅದರ ಬದಲು ಮೋಟರಿಗೆ 20, ಪಿನಿಯನ್ ಶಾಫ್ಟಿಗೆ 60 ಹಲ್ಲಿನ ಪುಲ್ಲಿ, ನಡುವೆ ಟೈಮಿಂಗ್ ಬೆಲ್ಟ್ ಹಾಕಿ. ಮಿ.ಮೀ.ಗೆ 76.39 ಸ್ಟೆಪ್ ಆಗುತ್ತದೆ, ಎಳೆಯುವ ಬಲ ಹೆಚ್ಚುಕಮ್ಮಿ ಮೂರು ಪಟ್ಟು. 600 ಆರ್‌ಪಿಎಂನಲ್ಲೂ ನಿಮಿಷಕ್ಕೆ 12.5 ಮೀಟರ್ ಓಡುತ್ತದೆ. ಪ್ಲೈಗೆ ಅಷ್ಟು ಧಾರಾಳ ಸಾಕು. ವೇಗವನ್ನು 10ಕ್ಕೆ 1ರಷ್ಟು ಇಳಿಸಲು ಹೋಗಬೇಡಿ. ಆಗ ಇಷ್ಟೇ ಓಟಕ್ಕೆ ಮೋಟರ್ ಇನ್ನೂ ಜೋರಾಗಿ ತಿರುಗಬೇಕು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಈ ಸ್ಟೆಪ್ಪರ್ ಮೋಟರ್ ಜೋರಾಗಿ ತಿರುಗಿದಷ್ಟೂ ಅದರ ಬಲ ಕುಸಿಯುತ್ತದೆ.

ಈಗ ಚೌಕದಲ್ಲಿ ಕಡಿಮೆ ಬಂದ ಆ 0.4 ಮಿ.ಮೀ. ಅದೇ ಪ್ರೋಗ್ರಾಂನಲ್ಲಿ 500ರ ಚೌಕ ಕತ್ತರಿಸಿ. 498 ಬಂದರೆ ತಪ್ಪು ಸ್ಟೆಪ್ಸ್‌ನದ್ದು. 499.6 ಬಂದರೆ ಅಲ್ಲ. ಆಗ 100ರ ಚೌಕದ ಪಾಕೆಟ್ (ಹಲಗೆಯೊಳಗೆ ತೋಡಿದ ಗುಂಡಿ) ಒಂದು ಕೊರೆದು ನೋಡಿ. ಪಾಕೆಟ್ 100.4 ಆದರೆ ಬಿಟ್ ಹೇಳಿದ್ದಕ್ಕಿಂತ ಅಗಲ ಕತ್ತರಿಸುತ್ತಿದೆ: ಕಾಲೆಟ್ (ಬಿಟ್ಟನ್ನು ಹಿಡಿಯುವ ಬಿಗಿತೋಳು) ಬಿಚ್ಚಿ ಧೂಳು ತೆಗೆಯಿರಿ, ಬಿಟ್ ಓಲಾಡುತ್ತಿದೆಯಾ ನೋಡಿ. ಪಾಕೆಟ್ಟೂ 99.6 ಆದರೆ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸುವಾಗ ವ್ಯರ್ಥವಾಗುವ ಸಡಿಲು. ಡಯಲ್ ಗೇಜ್ ಇಟ್ಟು ಒಂದೇ ದಿಕ್ಕಿನಲ್ಲಿ ಸರಿಸಿ, ಸೊನ್ನೆ ಮಾಡಿ, 0.05ರಂತೆ ಹಿಂದಕ್ಕೆ ಬನ್ನಿ. ಮುಳ್ಳು ಅಲುಗುವ ತನಕ ಎಷ್ಟು ಕೊಟ್ಟಿರೋ ಅಷ್ಟೇ ಸಡಿಲು. ಪಿನಿಯನ್ನನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಮೊದಲು ನೋಡಿ, ಹೆಚ್ಚಾಗಿ ಸಡಿಲಾಗಿರುವುದು ಅದೇ. ಆಮೇಲೆ ಪಿನಿಯನ್ನನ್ನು ರ್‍ಯಾಕ್‌ಗೆ ಒತ್ತುವ ಸ್ಪ್ರಿಂಗ್ ಹಾಕಿ.

ಇದೆಲ್ಲ ಮುಗಿದ ಮೇಲೆ ಸ್ಟೆಪ್ಸ್. 150 ಮಿ.ಮೀ. ಅಳೆಯುವ ವರ್ನಿಯರ್ ಕ್ಯಾಲಿಪರ್ ಇದಕ್ಕೆ ಸಾಲದು. ವಿ-ಬಿಟ್‌ನಿಂದ 1000 ಮಿ.ಮೀ. ದೂರದಲ್ಲಿ ಎರಡು ಗುರುತು ಹಾಕಿ, ಎರಡಕ್ಕೂ ಒಂದೇ ಕಡೆಯಿಂದ ಬರಬೇಕು. ಟೇಪಿನ ಕೊಕ್ಕೆ ನಂಬಬೇಡಿ, 100ರ ಗೆರೆಯಿಂದ ಅಳೆಯಿರಿ. ಮುಂಬೈ ಕಡೆಯ ಮಳೆಗಾಲದಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ ಅಲ್ವಾ, ಹಾಗಾಗಿ ಗುರುತು ಹಾಕಿದ ಕೂಡಲೇ ಅಳೆದುಬಿಡಿ. 998.5 ಬಂದರೆ 76.39 ಅನ್ನು 1000ದಿಂದ ಗುಣಿಸಿ 998.5ರಿಂದ ಭಾಗಿಸಿ: 76.50. ಮೆಷಿನ್ ನಡೆಸುವ ಸಾಫ್ಟ್‌ವೇರ್ ಗ್ರಬಲ್ (Grbl) ಆದರೆ ಈ ಅಂಕಿ ಹಾಕುವ ಸೆಟ್ಟಿಂಗ್ ಎಕ್ಸ್‌ ಅಕ್ಷಕ್ಕೆ $100, ವೈ ಅಕ್ಷಕ್ಕೆ $101. ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಿರಿ.