ಮಿನಿಯೇಚರ್ ಗುಲಾಬಿಗೆ ಬೆಂಗಳೂರಿನಲ್ಲಿ ಎಷ್ಟು ಬಿಸಿಲು, ಎಷ್ಟು ನೆರಳು ಬೇಕು?

ಗಿಡ ಚಿಕ್ಕದು, ಬಿಸಿಲು ತಡೆಯುವುದಿಲ್ಲ ಅಂತ ಕುಂಡಗಳನ್ನು ಮಾವಿನ ಮರದ ಕೆಳಗೆ ಇಟ್ಟಿದ್ದೀರಿ. ಎಲೆ ಚೆನ್ನಾಗಿದೆ, ಮೊಗ್ಗೇ ಇಲ್ಲ ಅಂತ ಕೇಳಿದ್ದೀರಿ ಅಲ್ವಾ? ಮೊದಲು ಅವನ್ನು ಮರದ ಕೆಳಗಿನಿಂದ ಈಚೆ ತನ್ನಿ.

ಈ ಗುಲಾಬಿಯ ಹೂ, ಎಲೆ ಎಲ್ಲ ಚಿಕ್ಕದು. ಬಿಸಿಲು ಮಾತ್ರ ದೊಡ್ಡ ಗುಲಾಬಿಯಷ್ಟೇ ಬೇಕು. ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬಿದ್ದರೆ ಗಿಡ ತುಂಬಾ ಹೂ ಬಿಡುತ್ತದೆ. 4 ಗಂಟೆ ಸಿಕ್ಕರೆ ಅಲ್ಲೊಂದು ಇಲ್ಲೊಂದು. ಅದಕ್ಕೂ ಕಡಿಮೆಯಾದರೆ ಕಡ್ಡಿ ಉದ್ದಕ್ಕೆ ಸೊರಗಿ ಬೆಳೆಯುತ್ತದೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ.

ಆ ಆರು ಗಂಟೆಯಲ್ಲಿ ಬೆಳಗಿನ ಪಾಲು ಜಾಸ್ತಿ ಇರಲಿ. ರಾತ್ರಿಯ ಮಂಜು, ಮಳೆ ಹನಿ ಎಲೆಯ ಮೇಲೆ ತುಂಬಾ ಹೊತ್ತು ನಿಂತರೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಬೆಳಗಿನ ಬಿಸಿಲು ಎಲೆಯನ್ನು ಬೇಗ ಒಣಗಿಸುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಔಷಧಿ ಹೊಡೆಯುವುದಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನೊಂದು ವಿಷಯ ನಾನು ಕಷ್ಟಪಟ್ಟು ಕಲಿತದ್ದು. ಬನಶಂಕರಿಯ ನಮ್ಮ ಮನೆಯಲ್ಲಿ ಒಂದು ಡಿಸೆಂಬರ್‌ನಲ್ಲಿ ನಾಲ್ಕು ಕುಂಡಗಳನ್ನು ದಕ್ಷಿಣದ ಗೋಡೆ ಪಕ್ಕ, ಸಜ್ಜಾದ ಕೆಳಗೆ ಇಟ್ಟೆ. ದಿನವಿಡೀ ಬಿಸಿಲು, ಸಂಕ್ರಾಂತಿ ಹೊತ್ತಿಗೆ ಕಣ್ತುಂಬ ಹೂ. ಮೇ ತಿಂಗಳಿಗೆ ಒಂದೂ ಇಲ್ಲ. ಎರೆಗೊಬ್ಬರ, ಬೇವಿನ ಹಿಂಡಿ ಎಲ್ಲ ಹಾಕಿ ನೋಡಿದೆ. ಕೊನೆಗೆ ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದು ನೋಡಿದರೆ ಅಲ್ಲಿ ಬಿಸಿಲೇ ಬೀಳುತ್ತಿರಲಿಲ್ಲ!

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬಿಸಿಲು ಸಜ್ಜಾದ ಅಡಿಗೂ ನುಗ್ಗುತ್ತದೆ. ಏಪ್ರಿಲ್ ಕೊನೆಗೆ ನೆತ್ತಿಯ ಮೇಲೆ ಬರುತ್ತಾನೆ, ಪೇಪರಿನಲ್ಲಿ ಶೂನ್ಯ ನೆರಳಿನ ದಿನ ಅಂತ ಬರುತ್ತದಲ್ಲ, ಅದು. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ. ದಕ್ಷಿಣದ ಗೋಡೆ ಆಗ ನೆರಳು. ಹಾಗಾಗಿ ಒಂದು ಸಲ ಜಾಗ ನೋಡಿ ಸುಮ್ನೆ ಇದ್ದುಬಿಡಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ 9, ಮಧ್ಯಾಹ್ನ 12, 3 ಗಂಟೆಗೆ ನೆರಳು ಎಲ್ಲಿದೆ ಅಂತ ನೋಡಿ, ಕುಂಡ ಸರಿಸಿ.

ನೆರಳು ನಿಜವಾಗಿ ಬೇಕಾಗುವುದು ಮಾರ್ಚ್‌ನಿಂದ ಮೇವರೆಗೆ, ಮಧ್ಯಾಹ್ನ ಒಂದೂವರೆ ಎರಡರ ನಂತರ. ಆಗ ದಳದ ಅಂಚು ಸುಡುತ್ತದೆ, ಕಡು ಬಣ್ಣದ ಹೂ ಬೇಗ ಮಾಸುತ್ತದೆ. ಚಿಕ್ಕ ಕುಂಡದ ಮಣ್ಣೂ ಸಂಜೆಯೊಳಗೆ ಒಣಗುತ್ತದೆ. ಕಾದ ಸಿಮೆಂಟ್ ಗೋಡೆಗೆ ಅಂಟಿಸಿ ಇಟ್ಟರೆ ನುಸಿಯೂ ಹತ್ತುತ್ತದೆ. ನಿಮ್ಮ ಮಾವಿನ ಮರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕುಂಡಗಳನ್ನು ಮರದ ಪೂರ್ವಕ್ಕೆ, ಕೊಂಬೆ ಚಾಚಿರುವುದರ ಆಚೆ ಇಡಿ. ಬೆಳಗಿನ ಬಿಸಿಲು ಪೂರ್ತಿ ಸಿಗುತ್ತದೆ, ಮಧ್ಯಾಹ್ನದ ಮೇಲೆ ಮರವೇ ನೆರಳು ಕೊಡುತ್ತದೆ. ಶೇಡ್ ನೆಟ್ ಖರ್ಚು ಬೇಡ. ತಾರಸಿಯಲ್ಲಿ ಬೆಳೆಸುವವರಿಗೆ ನೆಟ್ ಬೇಕಾಗಬಹುದು, ಆದರೆ ಜೂನ್‌ನಲ್ಲಿ ಮೋಡ ಕವಿದ ಮೇಲೆ ಅದನ್ನು ತೆಗೆಯಲೇಬೇಕು.

ಇಷ್ಟು ದಿನ ನೆರಳಲ್ಲಿದ್ದ ಗಿಡವನ್ನು ಒಂದೇ ದಿನಕ್ಕೆ ಬಿಸಿಲಿಗೆ ತಳ್ಳಬೇಡಿ, ಎಲೆ ಸುಟ್ಟುಹೋಗುತ್ತದೆ. ಮೊದಲ ದಿನ ಬೆಳಗಿನ ಎರಡು ಗಂಟೆ ಸಾಕು. ಆಮೇಲೆ ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಹೆಚ್ಚಿಸಿ. ಹೊಸ ಚಿಗುರು ಬರುವವರೆಗೆ ಕತ್ತರಿ ಹಾಕಬೇಡಿ, ಗೊಬ್ಬರವೂ ಬೇಡ.